ನೀರು ಹಾಕಿ ನೋಡಿ ಕೊಂಡ ಟೈಲ್ಸ್

ನಾನು ಕುವೈತಿನಲ್ಲಿ ನರ್ಸ್ ಆಗಿದ್ದಾಗ, ಮಂಡೆಕೋಲಿನ ನಮ್ಮ ಮನೆಯ ಬಾತ್‌ರೂಮಿನಲ್ಲಿ ಅಮ್ಮ ಎರಡು ಸಲ ಜಾರಿ ಬಿದ್ದರು. ಹೊಸ ಟೈಲ್ಸ್ ನಾನೇ ಆರಿಸುತ್ತೇನೆಂದು ಹಟ ಹಿಡಿದೆ. ತಂಗಿ ಅಮ್ಮನನ್ನು ಪುತ್ತೂರಿನ ಅಂಗಡಿಗೆ ಕರೆದುಕೊಂಡು ಹೋಗಿ ನನಗೆ ವೀಡಿಯೊ ಕಾಲ್ ಮಾಡಿದಳು. ಅಂಗಡಿಯವರು ಹೊಳೆಯುವ ಟೈಲ್ಸನ್ನೇ ಮುಂದಿಟ್ಟರು.

"ಎಲ್ಲರೂ ಇದನ್ನೇ ಕೊಂಡೋಗುದು ಅಕ್ಕ. ಜಾರುದಿಲ್ಲ."

"ಹಾಗಾದ್ರೆ ಅದರ ಮೇಲೆ ಸ್ವಲ್ಪ ನೀರು ಹಾಕಿ," ಎಂದೆ.

ನಗುತ್ತಲೇ ಹಾಕಿದರು. ತಂಗಿಯ ಕೈ ಹಿಡಿದು ಅಮ್ಮ ಬರಿಗಾಲಿಟ್ಟರು. ಕಾಲು ಸರ್ರನೆ ಜಾರಿತು. ಅಂಗಡಿಯವರು ಒಳಗಿನಿಂದ ಬೂದು ಬಣ್ಣದ ತರಿತರಿ ಟೈಲ್ಸ್ ತಂದು, ಈ ಸಲ ತಾವಾಗಿಯೇ ನೀರು ಸುರಿದರು. ಅಮ್ಮ ಅದರ ಮೇಲೆ ತಂಗಿಯ ಕೈಬಿಟ್ಟು ನಿಂತರು.

"ಇದ್ರಲ್ಲಿ ಕಾಲು ಗಟ್ಟಿ ನಿಲ್ತದೆ ಮಗಾ, ಇದೇ ಸಾಕು!"

ಕೈಯಲ್ಲಿ ಮುಟ್ಟಿಯೂ ನೋಡದ ಆ ಟೈಲ್ಸನ್ನು ಕುವೈತಿನಿಂದಲೇ ಗೆದ್ದವಳಂತೆ ಕೊಂಡೆ. ಅಮ್ಮ ಮತ್ತೆ ಬೀಳಲಿಲ್ಲ.