ಆವಲಪ್ಪನವರ ಕುಂಕುಮ, ಬರೆಯಲೊಲ್ಲದ ಡಿಸ್ಕು

ಬೆಳಗಿನ ಆರು ಗಂಟೆ. ಸೋಲದೇವನಹಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಸರ್ವರ್ ಕೋಣೆಯಲ್ಲಿ ಆವಲಪ್ಪ ಒಬ್ಬರೇ ಕೂತಿದ್ದಾರೆ. ಪರದೆಯ ಮೇಲೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ಸಾಲು. ಎಂದರೆ, ಡಿಸ್ಕಿನಲ್ಲಿ ಇರುವುದನ್ನು ಓದಬಹುದು, ಹೊಸದಾಗಿ ಒಂದಕ್ಷರವನ್ನೂ ಬರೆಯುವಂತಿಲ್ಲ. ಒಳಗಿರುವುದು ಸಾವಿರದ ಇನ್ನೂರು ಮಕ್ಕಳ ಆಂತರಿಕ ಅಂಕ; ಹತ್ತು ಗಂಟೆಯೊಳಗೆ ವಿಶ್ವವಿದ್ಯಾಲಯ ಸೇರಬೇಕು. ಆಯುಧಪೂಜೆಯ ರಜೆ ನಿನ್ನೆಯಷ್ಟೇ ಮುಗಿದಿದೆ.

ಫೋನಿನಲ್ಲಿ ವಿಭಾಗದ ಮುಖ್ಯಸ್ಥೆ ಪ್ರತಿಭಾ. “ಒಂದ್ಸಲ ಆಫ್ ಮಾಡಿ ಆನ್ ಮಾಡ್ಬಿಡಿ ಆವಲಪ್ಪನವರೇ, ಸರಿಹೋಗುತ್ತೆ.”

“ಬ್ಯಾಡ ಮೇಡಂ. ಈಗ ಓದಕ್ಕಾದ್ರೂ ಬಿಡ್ತೈತೆ. ಆಫ್ ಮಾಡಿದ್ಮೇಲೆ ಮೇಲೇಳ್ದಿದ್ರೆ ಏನ್ಮಾಡೋಣ?”

ಪುಟ್ಟೇನಹಳ್ಳಿಯ ಆವಲಪ್ಪ ಈ ಕಾಲೇಜಿಗೆ ಬಂದದ್ದು ಲ್ಯಾಬಿನ ಕಸ ಗುಡಿಸಲು. ಮೇಷ್ಟ್ರುಗಳ ಬೆನ್ನ ಹಿಂದೆ ನಿಂತು ನೋಡಿ, ಎಲ್ಲವನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶ ಕಲಿತರು. ಈಗ, 2014ರಲ್ಲಿ, ಆರು ಸರ್ವರ್, ಮುನ್ನೂರು ಕಂಪ್ಯೂಟರ್ ಅವರ ಹೆಗಲ ಮೇಲಿವೆ. ಹುದ್ದೆ ಮಾತ್ರ ಇನ್ನೂ ಅಟೆಂಡರ್. ಬದಲಿಸಲು ಯಾರಿಗೂ ಪುರುಸೊತ್ತಾಗಿಲ್ಲ. ಐದು ವರ್ಷದ ಹಿಂದೆ ಇಂಥದೇ ಡಿಸ್ಕಿಗೆ ಇವರೇ ಬಲವಂತದಿಂದ ಬರೆಯಿಸಲು ಹೋಗಿ, ಒಂದು ಬ್ಯಾಚಿನ ಪ್ರಾಜೆಕ್ಟುಗಳೆಲ್ಲ ಮಣ್ಣುಪಾಲಾದವು. “ಒಂದು ಎಣ್ಮಗು ಇಲ್ಲೇ ಬಾಗ್ಲಲ್ಲಿ ಕುಂತು ಅತ್ತುಬಿಡ್ತು. ಅವತ್ತಿಂದ ಈ ಕೋಣೆ ಅಂದ್ರೆ ಎದ್ರಿಕೆ ಕಣ್ರೀ,” ಎನ್ನುತ್ತಾರೆ.

ಅದಕ್ಕೇ ಮೊದಲು ಅಂಕಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡುತ್ತಾರೆ. ಏಳೂವರೆಗೆ ನಕಲು ಅರ್ಧಕ್ಕೇ ನಿಲ್ಲುತ್ತದೆ. ಆವಲಪ್ಪ ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಎರಡು ನಿಮಿಷ ಕಳೆದು ಅದು ತಾನಾಗಿಯೇ ಮುಂದುವರಿಯುತ್ತದೆ. ಎರಡು ಸಲ ತಾಳೆ ನೋಡಿದ ಮೇಲೆಯೇ ಯಂತ್ರ ಆರಿಸಿ ಮುಚ್ಚಳ ಬಿಚ್ಚುತ್ತಾರೆ.

ಒಳಗೆ ಡಿಸ್ಕಿನ ಮೇಲೆ ಕುಂಕುಮದ ಬೊಟ್ಟು. ಪಕ್ಕದಲ್ಲೇ ಕೇಬಲ್ ಅರ್ಧ ಕಳಚಿ ನಿಂತಿದೆ. ಪೂಜೆಯ ದಿನ ಎಲ್ಲರೂ ಯಂತ್ರದ ಹೊರಪೆಟ್ಟಿಗೆಗೆ ಬೊಟ್ಟಿಟ್ಟರೆ, ಐದು ವರ್ಷದ ಹಿಂದಿನ ಗತಿ ಮತ್ತೆ ಬಾರದಿರಲೆಂದು ಮುಚ್ಚಳ ತೆಗೆದು ಡಿಸ್ಕಿಗೇ ಇಟ್ಟವರು ಇವರೊಬ್ಬರೇ. ಆಗ ಕೈ ತಗುಲಿದೆ. ಡಿಸ್ಕಿನ ಸಂಪರ್ಕ ಆಗಾಗ ತಪ್ಪುತ್ತಿದ್ದಂತೆ, ಇದ್ದದ್ದು ಕೆಡದಿರಲೆಂದು ಲಿನಕ್ಸ್ ಬರೆಯುವುದನ್ನೇ ನಿಲ್ಲಿಸಿದೆ.

ಕೇಬಲ್ ಒತ್ತಿ ಕೂರಿಸಿ, ಡಿಸ್ಕಿನ ತಪಾಸಣೆ ಮುಗಿಸುವಾಗ ಒಂಬತ್ತೂಕಾಲು. ಅಂಕಗಳು ಹೊತ್ತಿಗೆ ಮುಂಚೆಯೇ ಹೋಗುತ್ತವೆ. ಕಾರಣ ಯಾರೂ ಕೇಳುವುದಿಲ್ಲ. ಕುಂಕುಮ ಒರೆಸಿ ಸುಮ್ಮನಿದ್ದರೆ ನಡೆದೇ ಹೋಗುತ್ತಿತ್ತು. ಕೆಲಸಕ್ಕೆ ಸಂಚಕಾರ ಬಂದೀತೆಂಬ ಭಯವೂ ಇದೆ. ಆದರೂ ಕೋಣೆಯ ರಿಜಿಸ್ಟರಿನಲ್ಲಿ ಬರೆಯುತ್ತಾರೆ: ‘ಕೇಬಲ್ ಸಡಿಲ. ಪೂಜೆ ಮಾಡುವಾಗ ನನ್ನ ಕೈ ತಗುಲಿದ್ದು. ಆವಲಪ್ಪ.’

“ಬರೋ ವರ್ಸ ಬಾಗ್ಲಿಗೆ ಮಾತ್ರ ಬೊಟ್ಟು,” ಎನ್ನುತ್ತಾರೆ. ಆಮೇಲೆ ಮೆಲ್ಲಗೆ, “ನಾಳೆ ನಾನಿಲ್ದಾಗ ಇಂಗೇ ಆದ್ರೆ, ಬರೋರಿಗೆ ಎಲ್ಲಿ ನೋಡ್ಬೇಕು ಅಂತ ಗೊತ್ತಾಗ್ಬೇಕಲ್ಲ.”