ಆಯಿಯ ಸುತ್ತ ಕೂಡಿಸಿದ ಫೋಟೋ

ತೊಂಬತ್ತರ ದಶಕದ ಕೊನೆಗೆ ನಾನು ಗುಲ್ಬರ್ಗಾದಲ್ಲಿ ಹೈಪರ್ಬಾಲಿಕ್ ಜ್ಯಾಮಿತಿ, ಅಂದರೆ ನಡುವಿನಿಂದ ದೂರ ಹೋದಷ್ಟೂ ಬೇಗ ಬೇಗ ಹಿಗ್ಗುವ ಬಾಗಿದ ಜಾಗಗಳ ಗಣಿತ, ಓದುತ್ತಿದ್ದೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅದು ಜಾಗ ಅಳೆಯುವ ವಿದ್ಯೆ ಎಂದೇ ತಿಳಿದಿದ್ದರು. ಹೀಗಾಗಿ ಆಯಿ, ಅಂದರೆ ಅಪ್ಪನ ತಾಯಿ, ಫೋಟೋ ಬೇಕೆಂದು ಹಟ ಹಿಡಿದಾಗ ಜನರನ್ನು ಕೂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಣ್ಣು ಪೂರ್ತಿ ಹೋಗುವ ಮುಂಚೆ ದೊಡ್ಡಪ್ಪನೂ ಅಪ್ಪನೂ ಒಂದೇ ಫೋಟೋದಲ್ಲಿರುವುದನ್ನು ಅವಳು ನೋಡಬೇಕಿತ್ತು.

ಬಾವಿಯ ಮೋಟರಿನ ಜಗಳದಲ್ಲಿ ಅವರಿಬ್ಬರೂ ಮಾತು ಬಿಟ್ಟಿದ್ದರು. ಏನೇ ಇದ್ದರೂ ಆಯಿಗೆ ಹೇಳುವರು, ಆಯಿ ಆ ಕಡೆ ದಾಟಿಸುವಳು. ಒಂದು ಕೊಂಬೆಯ ಇರುವೆ ಇನ್ನೊಂದು ಕೊಂಬೆಗೆ ಹೋಗಲು ಬೊಡ್ಡೆಗೆ ಇಳಿಯಲೇಬೇಕಲ್ಲ, ಹಾಗೆ. ನಾನು ಓದುತ್ತಿದ್ದ ಜಾಗಗಳೂ ದೂರದಿಂದ ನೋಡಿದರೆ ಇಂಥ ಮರಗಳೇ, ಅಂಚಿನಿಂದ ಅಂಚಿಗೆ ಹತ್ತಿರದ ದಾರಿ ನಡುವಿನ ಕಡೆಗೇ ಬಾಗುತ್ತದೆ.

ಆಯಿಯನ್ನು ಅಂಗಳದ ನಡುವೆ ಕೂಡಿಸಿದೆ. ಸುತ್ತ ಮಕ್ಕಳು, ಅವರ ಬೆನ್ನಿಗೆ ಮೊಮ್ಮಕ್ಕಳು, ಆಚೆ ಮರಿಮಕ್ಕಳು. ಎಲ್ಲರಿಗೂ ಸಮ ಜಾಗ ಬೇಕಂತೆ. ಸುತ್ತಿನಿಂದ ಸುತ್ತಿಗೆ ಜನ ಹಲವು ಪಟ್ಟಾದರು. ಸಪಾಟ ಅಂಗಳ ಅಷ್ಟು ಬೇಗ ಹಿಗ್ಗುವುದಿಲ್ಲ. ಹೊರಸುತ್ತು ದನದ ಕೊಟ್ಟಿಗೆಗೆ ನುಗ್ಗಿತು. ಮನೆಯ ಹಿರಿಯ ಅಳಿಯ ದನಕ್ಕೆ ಮೇವು ಹಾಕುವ ಗ್ವಾದಲಿಯಲ್ಲಿ ಕೂತ, ಎಮ್ಮೆ ಅವನ ಟೊಪ್ಪಿಗೆ ಮೂಸತೊಡಗಿತು.

ಹುಮನಾಬಾದಿನ ಫೋಟೋದವನು ಹಿಂದೆ ಸರಿದು ಸರಿದು ಪಕ್ಕದ ಮನೆಯ ಮಾಳಿಗೆ ಹತ್ತಿದ. “ಅಂಚಿನವರು ಎಳ್ಳಿನಷ್ಟ ಕಾಣಾಕತ್ತಾರ್ರಿ,” ಎಂದ.

“ಕಾಣೂದು ಸಣ್ಣ, ಖರೇ ಅಳತ್ಯಾಗ ಎಲ್ಲಾರೂ ಸಮಾನೇ,” ಎಂದು ಕೂಗಿದೆ. ನಮ್ಮ ಜ್ಯಾಮಿತಿಯ ನಕ್ಷೆಯಲ್ಲಿ ಅದು ನಿಜವೇ.

“ಆ ಅಳತಿ ತಗೊಂಡು ನೀನೇ ಗ್ವಾದಲ್ಯಾಗ ಕೂಡು,” ಎಂದ ಅಳಿಯ.

ಆಯಿಗೆ ಸಾಕಾಯಿತು. “ಎಲ್ಲಾರೂ ಏಳ್ರಿ. ಇವರಿಬ್ಬರೇ ಇರಲಿ,” ಎಂದಳು. ಅತ್ತೆಯಂದಿರು ಮೂತಿ ತಿರುವಿಕೊಂಡು ಎದ್ದರು. ಫೋಟೋದವನು ಕೆಳಗಿಳಿದು ಬಂದ.

ಈ ಕಡೆ ದೊಡ್ಡಪ್ಪ, ಆ ಕಡೆ ಅಪ್ಪ, ನಡುವೆ ಆಯಿ. ಫೋಟೋದವನು ಕ್ಯಾಮೆರಾ ಎತ್ತುವಷ್ಟರಲ್ಲಿ ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು.

“ನಾ ಬಾಜೂಕ ಕೂಡ್ತೀನಿ. ನೀವಿಬ್ಬರೂ ಹತ್ತರ ಸರೀರಿ.”

ಅವಳು ಎದ್ದ ಜಾಗ ಅಷ್ಟೇ ಅಗಲ ಖಾಲಿ ಉಳಿಯಿತು. ದೊಡ್ಡಪ್ಪ ತನ್ನ ಚಪ್ಪಲಿ ನೋಡುತ್ತಿದ್ದ, ಅಪ್ಪ ಗೋಡೆ ನೋಡುತ್ತಿದ್ದ. “ಸರೀರಿ, ಇನ್ನಾ ಸರೀರಿ,” ಎಂದ ಫೋಟೋದವನು. ಇಬ್ಬರೂ ಕಿವುಡರಂತೆ ಕೂತರು. ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು, ಅಳುವೂ ಬಂತು.

ಆಯಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಿರುಗಿ ಬಂದು ನಡುವೆ ಕೂತು ಸೆರಗು ಸರಿಮಾಡಿಕೊಂಡಳು.

“ತೆಗಿಯಪ್ಪ,” ಎಂದಳು ಫೋಟೋದವನಿಗೆ. “ನಾ ಇರೂದ್ರಾಗ ತೆಗಿ.”