ಅಂಚು ಕಾಣದ ಕಾಸು

ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಒಂದೇ ಕಾಸನ್ನು ತಿಂದು ಬೆಳೆದವರು. ತಮಾಷೆಗೆ ಹೇಳುತ್ತಿಲ್ಲ. ಮಗುವಿಗೆ ಹೆಸರಿಡುವ ದಿನ ಹಳೆಯ ಚಿನ್ನದ ವರಹವೊಂದನ್ನು ಸಾಣೆಕಲ್ಲಿನ ಮೇಲೆ ಜೇನಿನಲ್ಲಿ ತೇಯ್ದು ನಾಲಗೆಗೆ ಸವರುವುದು ನಮ್ಮಲ್ಲಿ ಪದ್ಧತಿ. ಯಾರ ಕಾಲದಿಂದ ತೇಯುತ್ತ ಬಂದಿದ್ದರೋ, ಕಾಸಿನ ಒಂದು ಕಡೆಯ ಅಂಚು ಸವೆದು ಚಪ್ಪಟೆಯಾಗಿತ್ತು. ಚಿಕ್ಕವಳಿದ್ದಾಗ ಅಜ್ಜಿಯನ್ನು ಕಾಡಿ ಬೇಡಿ ಅದನ್ನು ನೆಲದ ಮೇಲೆ ನಿಲ್ಲಿಸಿ ನೋಡುತ್ತಿದ್ದೆ. ಬೇರೆ ಕಾಸಾದರೆ ಉರುಳಿ ಹೋಗುತ್ತದೆ. ನಮ್ಮದು ಅಲುಗದೆ ನಿಲ್ಲುತ್ತಿತ್ತು. "ನಿಮ್ಮಪ್ಪ ಒಸಿ ತಿಂದವ್ನೆ, ನೀನು ಒಸಿ ತಿಂದಿದ್ದೀಯ" ಎಂದು ಅಜ್ಜಿ ಆ ಚಪ್ಪಟೆ ಜಾಗವನ್ನು ಹೆಬ್ಬೆರಳಿನಿಂದ ತೀಡಿ ತೋರಿಸುತ್ತಿದ್ದಳು.

ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿಸಿದವನು ನಮ್ಮ ಚಿಕ್ಕಪ್ಪ. ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ತೀರಿಕೊಂಡ ಮೇಲೆ ಬೂಕನಕೆರೆಯ ನಮ್ಮ ಮನೆಯನ್ನು ಹೊತ್ತು ನಡೆಸಿದವನು ಅವನೇ. ನನ್ನನ್ನು ಓದಿಸಿದ್ದೂ ಅವನೇ, ನಾಗಮಂಗಲದ ಕಡೆಗೆ ಮದುವೆ ಮಾಡಿಕೊಟ್ಟದ್ದೂ ಅವನೇ. ದಿನಾ ಪಾಂಡವಪುರಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ. ನಾನು ಬಸುರಿ ಎಂದು ತಿಳಿದದ್ದೇ ತಡ, ಅವನಿಗೆ ಕಾಸಿನ ಚಿಂತೆ ಹತ್ತಿಕೊಂಡಿತು. ಹೀಗೇ ತೇಯುತ್ತ ಹೋದರೆ ಮುಂದಿನವರಿಗೆ ಏನು ಉಳಿಯುತ್ತದೆ ಎಂದು. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಹಳೆಯ ನಾಣ್ಯ ಮಾರುವವನೊಬ್ಬ, ಹೊರದೇಶಕ್ಕೆ ಕಳಿಸಿದರೆ ಅಲ್ಲಿ ಪರೀಕ್ಷೆ ಮಾಡಿ, ಅಸಲಿ ಎಂದು ಚೀಟಿ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ ಎಂದನಂತೆ. ಅವನು ಹೇಳಿದ, ಇವನು ಕೊಟ್ಟ. ಅಜ್ಜಿಗೆ ಒಂದು ಮಾತು ಹೇಳಬಾರದಿತ್ತೇ? ಹೇಳಲಿಲ್ಲ. ಹೆಸರಿಡುವ ದಿನ ತೋರಿಸಿ ಖುಷಿಪಡಿಸುವ ಆಸೆ ಅವನಿಗೆ.

ಅವತ್ತು ಬೆಳಿಗ್ಗೆ ನಾನು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು ನಡುಮನೆಯಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಪಡಸಾಲೆಯ ತುಂಬ ನೆಂಟರು. ಅಜ್ಜಿ ಸಾಣೆಕಲ್ಲು ತೊಳೆದು ಮುಂದಿಟ್ಟುಕೊಂಡಿದ್ದಳು. ಆಗ ಚಿಕ್ಕಪ್ಪ ಜೇಬಿನಿಂದ ಅಂಗೈಯಗಲದ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟ.

"ಇದೇನ್ಲಾ ಇದು?"

"ನಮ್ ಕಾಸು ಕಣವ್ವ. ಇನ್ನು ಸವೆಯಾಕಿಲ್ಲ. ಮೇಲ್ಗಡೆನೇ ಒಸಿ ಜೇನು ಸವರಿ ಮಗೀಗೆ ಮುಟ್ಸು, ಸಾಕು."

ಪ್ಲಾಸ್ಟಿಕ್ಕಿನ ಮೇಲೆ ಜೇನು ಸವರಿ ಮಗುವಿಗೆ ನೆಕ್ಕಿಸಬೇಕಂತೆ! ನನಗೆ ನಗುವೂ ಬಂತು, ಮೈಯೂ ಉರಿಯಿತು. ಅಜ್ಜಿ ನಗಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಕಾಸಿನ ಎರಡು ಮುಖಗಳೂ ಕಾಣುತ್ತಿದ್ದವು. ಅಂಚು ಮಾತ್ರ ಸುತ್ತಲೂ ಬಿಳಿ ರಬ್ಬರಿನ ಬಳೆಯೊಳಗೆ ಹೂತುಹೋಗಿತ್ತು. ಅವಳ ಹೆಬ್ಬೆರಳು ಅಭ್ಯಾಸದಿಂದ ಆ ಜಾಗವನ್ನು ಹುಡುಕಿ ಹುಡುಕಿ ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತಿತ್ತು.

"ಇದು ನಮ್ದಲ್ಲ" ಎಂದಳು.

"ನಮ್ದೇ ಕಣವ್ವ."

"ಅಂಗಾರೆ ಅಂಚು ತೋರ್ಸು."

"ಎಂಗ್ ತೋರುಸ್ಲಿ? ಡಬ್ಬಿ ಒಡ್ದ್ಬುಟ್ರೆ ಆ ಚೀಟಿ ಕೆಲ್ಸಕ್ಕೆ ಬರಾಕಿಲ್ಲ. ಆಮೇಲೆ ಯಾರ್ನೂ ಕೇಳಂಗಿಲ್ಲ ಅಂತ ಅವ್ನು ಮೊದ್ಲೇ ಹೇಳವ್ನೆ."

ಅಜ್ಜಿ ಡಬ್ಬಿಯನ್ನು ನೆಲಕ್ಕಿಟ್ಟಳು. "ನಿಜ ಹೇಳ್ಬುಡ್ಲಾ. ಮಾರ್ಕೊಂಡ್ ಬಂದ್ಯಾ?"

ನನ್ನವ್ವ ಕೈಯಲ್ಲಿದ್ದ ಜೇನಿನ ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ನೆಂಟರ ಮುಂದೆ ಹಡೆದ ತಾಯಿಯೇ ಮಗನನ್ನು ಕಳ್ಳ ಎಂದಂತಾಯಿತು. ಅಜ್ಜಿಯ ಬಾಯಿ ಮುಚ್ಚಿಸೋಣ ಅನ್ನುವಷ್ಟು ಸಿಟ್ಟು ನನಗೆ. ಇವನ ಮೇಲೂ ಸಿಟ್ಟು. ಇದ್ದ ಕಾಸನ್ನು ಇದ್ದಲ್ಲಿ ಬಿಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಚಿಕ್ಕಪ್ಪ ಒಳಗೆ ಹೋಗಿ ಅಜ್ಜಿಯ ಎಲೆಅಡಿಕೆ ತಟ್ಟೆಯಿಂದ ಅಡಕತ್ತರಿ ತಂದು ನನ್ನ ಮುಂದಿಟ್ಟ. ಕಾಸನ್ನು ಮಗುವಿನ ತಾಯಿಯೇ ತೆಗೆದುಕೊಡಬೇಕೆಂಬುದು ಪದ್ಧತಿ. ಆ ಹೊತ್ತಿನಲ್ಲೂ ಅದನ್ನು ಮರೆತಿರಲಿಲ್ಲ ಮಹಾರಾಯ.

"ಒಡಿ ಮಗ" ಎಂದ. "ಅಂಚು ಸವೆದಿಲ್ದೇ ಇದ್ರೆ ನಾನು ಇವತ್ತೇ ಎದ್ದೋಯ್ತೀನಿ. ಈ ಹೊಸ್ತಿಲು ತುಳಿಯಾಕಿಲ್ಲ."

ಬೇರೆಯವರಾದರೆ ಸಿಟ್ಟಿನ ಮಾತು ಎಂದು ಬಿಡಬಹುದಿತ್ತು. ಇವನು ಹಿಂದೊಮ್ಮೆ ತನ್ನ ಅಕ್ಕನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಇನ್ನು ನಿಮ್ಮ ಮನೆಯ ನೀರು ಮುಟ್ಟುವುದಿಲ್ಲ ಎಂದವನು, ಅವಳ ಮಗನ ಮದುವೆಗೂ ಹೋಗದೆ ಉಳಿದಿದ್ದ. ಹೇಳಿದರೆ ಮಾಡಿಯೇ ತೀರುತ್ತಾನೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮಗುವನ್ನು ಅವ್ವನಿಗೆ ಕೊಟ್ಟೆ. ಡಬ್ಬಿಗೆ ಬಟ್ಟೆ ಸುತ್ತಿ, ಒಂದು ಮೂಲೆಯನ್ನು ಮಾತ್ರ ಹೊರಗೆ ಬಿಟ್ಟು ಅಡಕತ್ತರಿಯ ಬಾಯಿಗೆ ಕೊಟ್ಟು ಅದುಮಿದೆ. ಏನೂ ಆಗಲಿಲ್ಲ. ಬಾಣಂತಿಯ ಕೈ, ಬಲವೆಲ್ಲಿಂದ ಬರಬೇಕು? ಹೆಚ್ಚು ಅದುಮಿದರೆ ಅಲಗು ಜಾರಿ ಕಾಸಿಗೇ ತಗುಲೀತು ಎಂಬ ಭಯ ಬೇರೆ. ಮತ್ತೆ ಅದುಮಿದೆ. ಮೂಲೆ ಚಟ್ಟನೆ ಸಿಡಿದು, ಚೂರೊಂದು ಕೆನ್ನೆಗೆ ಬಡಿಯಿತು. ಮಗು ಬೆಚ್ಚಿಬಿದ್ದು ಅಳಲು ಶುರುಮಾಡಿತು. ಆ ಅಳುವಿಗೆ ನನ್ನ ಹಾಲು ಸೋರಿ ರವಿಕೆ ಒದ್ದೆಯಾಯಿತು. ಯಾರೂ ಮಗುವಿನ ಕಡೆ ನೋಡುತ್ತಿರಲಿಲ್ಲ. ಬಿರುಕಿನೊಳಗೆ ಅಡಕತ್ತರಿಯ ತುದಿ ತೂರಿಸಿ ತಿರುವಿದೆ, ಡಬ್ಬಿ ಎರಡು ಹೋಳಾಯಿತು. ರಬ್ಬರಿನ ಬಳೆಯನ್ನು ಹಿಂದಿನಿಂದ ಒತ್ತಿದಾಗ ಕಾಸು ಅಂಗೈಗೆ ಬಿತ್ತು.

ಕಣ್ಣಿಗಿಂತ ಮುಂಚೆ ಬೆರಳಿಗೆ ಗೊತ್ತಾಯಿತು. ದುಂಡಗಿತ್ತು. ಸುತ್ತ ಎಲ್ಲಿ ಮುಟ್ಟಿದರೂ ದುಂಡಗೇ.

ಮುಷ್ಟಿ ಮುಚ್ಚಿಬಿಟ್ಟೆ. ಚಿಕ್ಕಪ್ಪನ ಮುಖ ನೋಡಿದೆ. ಅಲ್ಲಿ ಅಳುಕೆಂಬುದೇ ಇರಲಿಲ್ಲ. ಈಗ ನೋಡಿ ಎನ್ನುವ ಹಾಗೆ ನೆಂಟರ ಕಡೆ ತಿರುಗಿ ನಿಂತಿದ್ದ. ಅಯ್ಯೋ ದೇವರೇ, ಇವನಿಗೆ ಗೊತ್ತೇ ಇಲ್ಲ! ಆ ನಾಣ್ಯ ಮಾರುವವನು ಬೇರೆ ಕಾಸು ಕೊಟ್ಟು ಕಳಿಸಿದ್ದಾನೆ, ಈ ಪುಣ್ಯಾತ್ಮ ಅದನ್ನು ಜೋಪಾನವಾಗಿ ತಂದು ತನ್ನ ಮನೆಯನ್ನೇ ಪಣಕ್ಕಿಟ್ಟಿದ್ದಾನೆ.

"ತಾ" ಎಂದು ಅಜ್ಜಿ ಕೈ ಚಾಚಿದಳು.

ಕೊಡದೆ ಇರುವುದು ಹೇಗೆ? ಕೊಟ್ಟೆ. ಅವಳ ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಬಂತು. ನಿಂತಿತು. ನಿಧಾನವಾಗಿ ಇನ್ನೊಂದು ಸುತ್ತು ಬಂತು. ಆಮೇಲೆ ತಲೆಯೆತ್ತಿ ಮಗನನ್ನು ನೋಡಿದಳು. ಅವನ ಚಪ್ಪಲಿಗಳು ಹೊಸ್ತಿಲಿನಾಚೆ ಇದ್ದವು.

"ನಮ್ದೇ ಕಣ್ಲಾ" ಎಂದಳು. "ಸವೆದದೆ."

ಪಡಸಾಲೆಯವರು ಉಸಿರುಬಿಟ್ಟರು. ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. "ಕೊಡಿಲ್ಲಿ, ಎಲ್ರ ಮುಂದೇನೂ ನಿಲ್ಸಿ ತೋರುಸ್ತೀನಿ" ಎನ್ನುತ್ತ ಕೈ ನೀಡಿಕೊಂಡು ಬಂದ. ನನ್ನ ಜೀವ ಬಾಯಿಗೆ ಬಂತು.

"ತೇಯೋ ಒತ್ನಲ್ಲಿ ಗಂಡುಸ್ರು ಮುಟ್ಟಂಗಿಲ್ಲ. ಅತ್ಲಾಗೋಗ್ಲಾ" ಎಂದಳು ಅಜ್ಜಿ. ಅಂಥ ಕಟ್ಟುಪಾಡು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ಜೇನು ಹಾಕಿಸಿಕೊಂಡು ತೇಯತೊಡಗಿದಳು. ಮಾಮೂಲಿಗೆ ಕಲ್ಲಿಗೆ ಸೋಕಿಸಿದರೆ ಮುಗಿಯುತ್ತಿತ್ತು. ಅವತ್ತು ತೇದಳು, ತೇದಳು, ಹಣೆಯ ಬೆವರು ಕಲ್ಲಿನ ಮೇಲೆ ತೊಟ್ಟಿಕ್ಕುವವರೆಗೂ ತೇದಳು. "ಸಾಕು ಬುಡಿ ಅತ್ತೆ, ಮಗೀಗೆ ಜಾಸ್ತಿ ಆಯ್ತದೆ" ಎಂದಳು ಅವ್ವ. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕಿರುಬೆರಳ ತುದಿಯಷ್ಟು ಮಗುವಿನ ನಾಲಗೆಗೆ ಹಚ್ಚಿ, ಉಳಿದದ್ದನ್ನು ಸೆರಗಿನಲ್ಲಿ ಒರೆಸಿದಳು.

ಮಾರನೆಯ ದಿನ ಅಜ್ಜಿ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದಾಗ ಮೆಲ್ಲಗೆ ಹೇಳಿದೆ. "ಅಜ್ಜಿ, ಅದು ದುಂಡಗಿತ್ತು."

"ಬಾಣಂತಿ ಕಣ್ಣಿಗೆ ಅಂಗೇ ಕಾಣ್ತದೆ. ತಲೆ ಬಗ್ಸು."

ಶ್ರೀರಂಗಪಟ್ಟಣಕ್ಕೆ ಹೋಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಹಿಡಿದರೆ ಚಿಕ್ಕಪ್ಪನಿಗೆ ತಿಳಿಯುತ್ತದೆ. ತಿಳಿದರೆ ಅವನು ಎದ್ದು ಹೋಗುತ್ತಾನೆ. ಆ ಕಳ್ಳ ಹಾಗೆಯೇ ದಕ್ಕಿಸಿಕೊಂಡ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡನೆಯ ಹೆರಿಗೆಗೆ ಬಂದಾಗ ಆ ದಶಕ ಮುಗಿಯುತ್ತ ಬಂದಿತ್ತು. ಹೆಸರಿಡುವ ದಿನ ಅಜ್ಜಿ ಜೇನಿಗೆಂದು ಒಳಗೆ ಹೋದಳು. ಅಷ್ಟರಲ್ಲಿ ಚಿಕ್ಕಪ್ಪ ಕುಂಕುಮದ ಭರಣಿಯಿಂದ ಕಾಸನ್ನು ತೆಗೆದೇಬಿಟ್ಟ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ನನ್ನ ದೊಡ್ಡ ಮಗಳನ್ನು ಕೂರಿಸಿಕೊಂಡು, "ನೋಡು, ನಮ್ ಕಾಸು ಎಂಗ್ ನಿಲ್ತದೆ" ಎಂದು ನೆಲದ ಮೇಲೆ ಇಟ್ಟು ಕೈಬಿಟ್ಟ.

ಕಾಸು ನಿಂತಿತು. ಅಲುಗಲೇ ಇಲ್ಲ.

"ನೋಡವ್ವ, ಅವತ್ತು ನನ್ನೇ ಕಳ್ಳ ಅಂದ್ಬುಟ್ಟಿದ್ದೆ" ಎಂದು ನಕ್ಕ.

"ಅಂದೆ ಕಣ್ಲಾ. ತೆಪ್ಪಾಯ್ತು" ಎಂದಳು ಬಾಗಿಲಲ್ಲಿ ನಿಂತಿದ್ದ ಅಜ್ಜಿ.

ನನ್ನ ಮೊದಲ ಮಗಳಾದ ಮೇಲೆ ಆ ಮನೆಯಲ್ಲಿ ಬೇರೆ ಮಗು ಹುಟ್ಟಿರಲಿಲ್ಲ, ಕಾಸು ತೇಯುವ ಪ್ರಮೇಯವೇ ಬಂದಿರಲಿಲ್ಲ. ನಾನು ಅಜ್ಜಿಯ ಕೈ ನೋಡಿದೆ. ಹೆಬ್ಬೆರಳು ಜಡ್ಡುಗಟ್ಟಿ ಕಪ್ಪಾಗಿತ್ತು. ನಾನು ನೋಡುತ್ತಿರುವುದು ತಿಳಿದು ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡಳು.